ನಿದ್ರಾಹೀನತೆ: ಮನೋವೈದ್ಯಕೀಯದಲ್ಲಿ ಅರಿವು ಮತ್ತು ಚಿಕಿತ್ಸೆ

ನಿದ್ರಾಹೀನತೆ ಎಂದರೆ ಮಲಗಲು ಹೊತ್ತು, ಜಾಗ ಎರಡೂ ಇದ್ದು ನಿದ್ದೆ ಹತ್ತದಿರುವುದು, ಹತ್ತಿದ ನಿದ್ದೆ ನಡುರಾತ್ರಿಯಲ್ಲಿ ಮುರಿಯುವುದು ಅಥವಾ ಬೆಳಗಾಗುವ ಬಹಳ ಮುಂಚೆಯೇ ಎಚ್ಚರವಾಗಿ ಮತ್ತೆ ಕಣ್ಣು ಮುಚ್ಚಲಾಗದಿರುವುದು, ಮತ್ತು ಇದರಿಂದ ಮರುದಿನದ ಕೆಲಸ, ಗಮನ, ಮನಸ್ಸಿನ ಸ್ಥಿಮಿತ ಕೆಡುವುದು. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ಹೀಗೆ ನಡೆದರೆ ಅದನ್ನು ದೀರ್ಘಕಾಲಿಕ ನಿದ್ರಾಹೀನತೆ ಎನ್ನುತ್ತಾರೆ. ಇದು ಖಿನ್ನತೆ, ಆತಂಕ ಮೊದಲಾದ ಮನೋರೋಗಗಳ ಲಕ್ಷಣವೂ ಹೌದು, ತಾನೇ ಒಂದು ಪ್ರತ್ಯೇಕ ಕಾಯಿಲೆಯೂ ಹೌದು. ಈ ಲೇಖನ ನಿದ್ರಾಹೀನತೆಯ ಸಾಮಾನ್ಯ ವಿವರಣೆಯ ಜೊತೆಗೆ ಹಾಸನ ಜಿಲ್ಲೆಯ ಅರಕಲಗೂಡು ಸೀಮೆಯಲ್ಲಿ ಅದು ತೋರುವ ರೂಪವನ್ನೂ ಅಲ್ಲಿ ದೊರೆಯುವ ಚಿಕಿತ್ಸೆಯನ್ನೂ ಹೇಳುತ್ತದೆ.

ಪದಗಳು

ನಿದ್ರಾಹೀನತೆ ಮತ್ತು ನಿದ್ದೆಗೇಡು ಒಂದೇ ಅಲ್ಲ. ಮಲಗಲು ಅವಕಾಶವೇ ಇಲ್ಲದೆ ಎಚ್ಚರವಿರಬೇಕಾದ ಸ್ಥಿತಿ ನಿದ್ದೆಗೇಡು: ರಾತ್ರಿ ಬಸ್ ಓಡಿಸುವ ಚಾಲಕ, ಆನೆ ಕಾಯಲು ಹೊಲದಲ್ಲಿರುವ ರೈತ, ಎಳೆಗೂಸಿನ ತಾಯಿ ಇದಕ್ಕೆ ಒಳಗಾದವರು. ಇವರಿಗೆ ಹಾಸಿಗೆ ಸಿಕ್ಕರೆ ನಿದ್ದೆ ಬರುತ್ತದೆ. ಹಾಸಿಗೆ ಸಿಕ್ಕಿಯೂ ಬಾರದಿದ್ದರೆ ಅದು ನಿದ್ರಾಹೀನತೆ. ಶಿವರಾತ್ರಿಯ ಜಾಗರಣೆ ಇವೆರಡಕ್ಕೂ ಸೇರದು, ಅದು ಬಯಸಿ ಇರುವ ಎಚ್ಚರ. ದಿನಕ್ಕೆ ಐದಾರು ಗಂಟೆ ಮಾತ್ರ ಮಲಗಿ ಹಗಲು ಚುರುಕಾಗಿಯೇ ಇರುವವರು ಅಲ್ಪನಿದ್ರೆಯವರು, ಅವರಿಗೆ ಚಿಕಿತ್ಸೆ ಬೇಕಿಲ್ಲ.

ವೈದ್ಯರು ಮಾಡುವ ಮೂರು ವಿಂಗಡಣೆ ಆಡುಮಾತಿನಲ್ಲಿ ಮೊದಲೇ ಇದೆ. ‘ಕಣ್ಣು ಹತ್ತೋದೇ ಇಲ್ಲ’ ಎನ್ನುವುದು ನಿದ್ದೆ ಆರಂಭವಾಗದ ತೊಂದರೆ. ‘ಬರೀ ಕೋಳಿನಿದ್ದೆ’ ಎಂದರೆ ನಿದ್ದೆ ನಿಲ್ಲದ ತೊಂದರೆ. ‘ಕೋಳಿ ಕೂಗೋಕೆ ಮುಂಚೆ ಎಚ್ಚರ, ಆಮೇಲೆ ಸೂರು ನೋಡ್ತಾ ಬಿದ್ದಿರ್ತೀನಿ’ ಎನ್ನುವುದು ಅಕಾಲ ಎಚ್ಚರ. ರೋಗಿ ಬಳಸಿದ ಮಾತನ್ನು ಹಾಗೆಯೇ ಬರೆದುಕೊಂಡರೆ ರೋಗನಿರ್ಣಯದ ಅರ್ಧ ಕೆಲಸ ಮುಗಿದಂತೆ.

ತಿಳಿವಳಿಕೆಯ ಇತಿಹಾಸ

ಆಯುರ್ವೇದವು ಆಹಾರ, ನಿದ್ರೆ, ಬ್ರಹ್ಮಚರ್ಯಗಳನ್ನು ಶರೀರದ ಮೂರು ಉಪಸ್ತಂಭಗಳೆಂದು ಕರೆಯುತ್ತದೆ. ಚರಕಸಂಹಿತೆಯ ಸೂತ್ರಸ್ಥಾನ 21ನೆಯ ಅಧ್ಯಾಯದಲ್ಲಿ ನಿದ್ರೆಯ ಗುಣದೋಷಗಳೂ ನಿದ್ರಾನಾಶದ ಉಪಚಾರವೂ ಬರುತ್ತವೆ. ಅಭ್ಯಂಗ, ಹಾಲು, ಮನಸ್ಸಿಗೆ ಹಿತವಾದ ಗಂಧ ಮತ್ತು ಶಬ್ದ ಅಲ್ಲಿ ಹೇಳಿರುವ ಉಪಾಯಗಳಲ್ಲಿ ಸೇರಿವೆ. ವಾತದಿಂದ ಹುಟ್ಟುವ 80 ವಿಕಾರಗಳ ಪಟ್ಟಿಯಲ್ಲಿ ‘ಅಸ್ವಪ್ನ’ವೂ ಒಂದು. ನಿದ್ದೆಗೆ ಮತ್ತು ಚಿತ್ತಭ್ರಮೆಗೆ ದೇಶೀಯ ವೈದ್ಯರು ಕೊಡುತ್ತಿದ್ದ ಸರ್ಪಗಂಧದ ಬೇರಿನ ಮೇಲೆ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲಿ ಪ್ರಬಂಧ ಪ್ರಕಟಿಸಿದರು. ಆ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಆಧುನಿಕ ಮನೋವೈದ್ಯಕೀಯದ ಮೊದಲ ಔಷಧಗಳಲ್ಲಿ ಒಂದಾಯಿತು.

ಪಶ್ಚಿಮದಲ್ಲಿ 1869ರಿಂದ ಕ್ಲೋರಲ್ ಹೈಡ್ರೇಟ್, 1903ರಿಂದ ಬಾರ್ಬಿಟಾಲ್, 1960ರ ದಶಕದಿಂದ ಬೆಂಜೊಡಯಾಜೆಪಿನ್‌ಗಳು ನಿದ್ದೆ ಮಾತ್ರೆಗಳಾಗಿ ಬಂದವು. ನಿದ್ದೆಯೊಳಗಿನ ವ್ಯವಸ್ಥೆ ಕಂಡದ್ದು ತಡವಾಗಿ. ಹ್ಯಾನ್ಸ್ ಬರ್ಗರ್ 1929ರಲ್ಲಿ ಮಿದುಳಿನ ವಿದ್ಯುತ್ ಅಲೆಗಳ ದಾಖಲೆ ಪ್ರಕಟಿಸಿದರು. 1953ರಲ್ಲಿ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಕಣ್ಣಾಲಿಗಳು ಚುರುಕಾಗಿ ಓಡಾಡುವ ನಿದ್ದೆಯ ಘಟ್ಟವನ್ನು ಗುರುತಿಸಿದರು. ಬಹುಕಾಲ ನಿದ್ರಾಹೀನತೆಯನ್ನು ‘ಪ್ರಾಥಮಿಕ’, ‘ಆನುಷಂಗಿಕ’ ಎಂದು ಒಡೆದು, ಮೂಲರೋಗ ವಾಸಿಯಾದರೆ ನಿದ್ದೆ ತಾನಾಗಿ ಸರಿಹೋಗುತ್ತದೆಂದು ಕಾಯಲಾಗುತ್ತಿತ್ತು. ಅನೇಕರಲ್ಲಿ ಹಾಗಾಗಲಿಲ್ಲ. ಖಿನ್ನತೆ ಹೋದರೂ ನಿದ್ದೆ ಬಾರದೆ ಉಳಿಯಿತು, ಅಂಥವರಲ್ಲಿ ಖಿನ್ನತೆ ಮರಳುವ ಸಂಭವವೂ ಹೆಚ್ಚಾಯಿತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯ 5ನೆಯ ಆವೃತ್ತಿ ಆ ಒಡಕನ್ನು ಕೈಬಿಟ್ಟಿತು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ 11ನೆಯ ರೋಗವರ್ಗೀಕರಣವು ನಿದ್ದೆಯ ಕಾಯಿಲೆಗಳಿಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟಿದೆ.

ಕರ್ನಾಟಕದಲ್ಲಿ ಮನೋವೈದ್ಯಕೀಯ ಸೇವೆಯ ಮೂಲ ಬೆಂಗಳೂರಿನಲ್ಲಿ 1847ರಲ್ಲಿ ಆರಂಭವಾದ ಆಶ್ರಯಾಲಯ. ಅದು 1925ರಲ್ಲಿ ಮೆಂಟಲ್ ಹಾಸ್ಪಿಟಲ್ ಎಂಬ ಹೆಸರು ಪಡೆಯಿತು. 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ನಿದ್ದೆಯ ಸಂಶೋಧನೆ ಅಲ್ಲಿನ ನರಶರೀರಕ್ರಿಯಾ ವಿಭಾಗದಲ್ಲಿಯೂ ನರವಿಜ್ಞಾನ ವಿಭಾಗದಲ್ಲಿಯೂ ಬೆಳೆದಿದೆ. ಮನೋರೋಗಗಳ ಬಗ್ಗೆ ಕನ್ನಡದಲ್ಲಿ ಬರೆಯುವ ದಾರಿಯನ್ನು ಗಟ್ಟಿಮಾಡಿದವರಲ್ಲಿ ಡಾ. ಎಂ. ಶಿವರಾಂ ಮುಖ್ಯರು. ಅವರ ‘ಮನ ಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಆ ಕೆಲಸವನ್ನು ಮುಂದುವರಿಸಿ ಸಣ್ಣ ಪುಸ್ತಕಗಳ ಮೂಲಕ ಹಳ್ಳಿಯ ಓದುಗರವರೆಗೆ ಒಯ್ದರು.

ನಿದ್ದೆಯ ರಚನೆ

ರಾತ್ರಿಯ ನಿದ್ದೆ ಸುಮಾರು 90 ನಿಮಿಷಗಳ ನಾಲ್ಕೈದು ಸುತ್ತುಗಳಲ್ಲಿ ಸಾಗುತ್ತದೆ. ಪ್ರತಿ ಸುತ್ತಿನಲ್ಲಿ ಜೊಂಪು, ಹಗುರ ನಿದ್ದೆ, ಗಾಢನಿದ್ದೆ, ಕೊನೆಗೆ ಕನಸಿನ ನಿದ್ದೆ ಬರುತ್ತವೆ. ಗಾಢನಿದ್ದೆಯ ಪಾಲು ರಾತ್ರಿಯ ಮೊದಲರ್ಧದಲ್ಲಿ ಹೆಚ್ಚು, ಕನಸಿನ ನಿದ್ದೆಯದು ಎರಡನೆಯ ಅರ್ಧದಲ್ಲಿ. ಸುತ್ತುಗಳ ನಡುವೆ ಕ್ಷಣಹೊತ್ತು ಎಚ್ಚರವಾಗುವುದು ಎಲ್ಲರಿಗೂ ಸಹಜ. ಅದು ನೆನಪಿನಲ್ಲಿ ಉಳಿಯುವುದಿಲ್ಲ ಅಷ್ಟೆ.

ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಮಂಡಿಸಿದ ವಿವರಣೆಯ ಪ್ರಕಾರ ನಿದ್ದೆಯನ್ನು ಎರಡು ವ್ಯವಸ್ಥೆಗಳು ನಡೆಸುತ್ತವೆ. ಒಂದು, ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಅಡಿನೊಸಿನ್ ಕೂಡಿಕೊಳ್ಳುವುದು ಇದರ ಒಂದು ಆಧಾರ. ಇನ್ನೊಂದು, ಬೆಳಕನ್ನು ನೋಡಿ ದಿನವನ್ನು ಅಳೆಯುವ ಒಳಗಡಿಯಾರ. ಕಾಫಿ ಕೆಲಸಮಾಡುವುದು ಮೊದಲನೆಯದರ ಮೇಲೆ, ಅಡಿನೊಸಿನ್ ಕೂರುವ ಜಾಗವನ್ನು ಕೆಫೀನ್ ಆಕ್ರಮಿಸುತ್ತದೆ. ಕುಡಿದ ಕೆಫೀನ್‌ನ ಅರ್ಧ ಕರಗಲು ಸುಮಾರು 5 ಗಂಟೆ ಬೇಕು. ಹಾಗಾಗಿ ಸಂಜೆ 4ಕ್ಕೆ ಕುಡಿದ ಫಿಲ್ಟರ್ ಕಾಫಿಯ ಅರ್ಧ ರಾತ್ರಿ 9ಕ್ಕೂ ಮೈಯಲ್ಲೇ ಇರುತ್ತದೆ. ಸಕಲೇಶಪುರದ ಕಾಫಿ ಮನೆಮನೆಯಲ್ಲಿರುವ ಜಿಲ್ಲೆಯಲ್ಲಿ ರೋಗಿಯನ್ನು ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು. ಮಧ್ಯಾಹ್ನದ ದೀರ್ಘ ನಿದ್ದೆಯೂ ರಾತ್ರಿಗೆ ಬೇಕಾದ ಒತ್ತಡವನ್ನು ಮೊದಲೇ ಖರ್ಚುಮಾಡುತ್ತದೆ.

ಕಾರಣಗಳು

ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಕಾರಣಗಳನ್ನು ಮೂರು ಪದರವಾಗಿ ವಿಂಗಡಿಸಿದರು. ಮೊದಲೇ ಇರುವ ಒಲವು: ಸುಲಭವಾಗಿ ಕಳವಳಗೊಳ್ಳುವ ಸ್ವಭಾವ, ವಂಶದ ಗುಣ, ವಯಸ್ಸು. ಕಿಡಿ ಹೊತ್ತಿಸುವ ಘಟನೆ: ಸಾವು, ಸಾಲ, ಕಾಯಿಲೆ, ಹೆರಿಗೆ, ಪಾಳಿಯ ಕೆಲಸ. ಕೊನೆಯದು ಬೆಂಕಿ ಆರದಂತೆ ಕಾಯುವ ಅಭ್ಯಾಸಗಳು: ಬಾರದ ನಿದ್ದೆಗಾಗಿ ಸಂಜೆಯೇ ಮಲಗುವುದು, ಬೆಳಗ್ಗೆ ತಡವಾಗಿ ಏಳುವುದು, ಗಡಿಯಾರ ನೋಡುತ್ತ ಲೆಕ್ಕಹಾಕುವುದು, ಹಾಸಿಗೆಯಲ್ಲಿ ಮೊಬೈಲ್ ಹಿಡಿಯುವುದು, ಮಲಗುವ ಮುಂಚೆ ಕುಡಿಯುವುದು. ಆರಂಭಿಸಿದ ಕಾರಣ ಎಂದೋ ಮುಗಿದಿದ್ದರೂ ಉಳಿಸುವ ಕಾರಣ ನಡೆದೇ ಇರುತ್ತದೆ. ನಿದ್ರಾಹೀನತೆಯ ಬಗ್ಗೆ ತಿಳಿಯಬೇಕಾದ ಅತಿಮುಖ್ಯ ಸಂಗತಿ ಇದು, ಚಿಕಿತ್ಸೆಯೆಲ್ಲ ಇದರ ಮೇಲೆಯೇ ನಿಂತಿದೆ. ನಿದ್ದೆಯಿಲ್ಲದ ರಾತ್ರಿಗಳು ಕಳೆದಂತೆ ಹಾಸಿಗೆಯೇ ಎಚ್ಚರದ ಗುರುತಾಗಿಬಿಡುತ್ತದೆ. ಜಗುಲಿಯಲ್ಲಿ ಕೂತು ತೂಕಡಿಸುತ್ತಿದ್ದವರು ಒಳಗೆ ಹೋಗಿ ತಲೆ ಇಟ್ಟೊಡನೆ ಎದೆ ಬಡಿತ ಏರುತ್ತದೆ, ಯೋಚನೆಗಳು ಸಾಲುಗಟ್ಟುತ್ತವೆ.

ಅರಕಲಗೂಡು ಸೀಮೆಯ ರಾತ್ರಿಗಳು

ಅರಕಲಗೂಡು ತಾಲ್ಲೂಕು ಮಳೆಯಾಶ್ರಿತ ಹೊಗೆಸೊಪ್ಪಿನ ಸೀಮೆ. ಹುಣಸೂರು, ಪಿರಿಯಾಪಟ್ಟಣಗಳಿಂದ ಹಬ್ಬಿಬರುವ ಈ ಬೆಳೆಯ ಹರಾಜು ಮಾರುಕಟ್ಟೆ ಕಾವೇರಿ ದಂಡೆಯ ರಾಮನಾಥಪುರದಲ್ಲಿದೆ. ಇಲ್ಲಿ ಬೆಳೆಯುವುದು ಕೊಳವೆಯ ಬಿಸಿಯಲ್ಲಿ ಹದಗೊಳಿಸುವ ವರ್ಜಿನಿಯಾ ತಂಬಾಕು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಎಲೆ ಮುರಿದು, ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಹದಗೊಳಿಸುವ ಕೋಣೆಯೊಳಗೆ ಅಂತಸ್ತುಗಳಲ್ಲಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಒಡ್ಡುತ್ತಾರೆ. ನೆಲದ ಮೇಲೆ ಹಾಯುವ ಕಬ್ಬಿಣದ ಕೊಳವೆಗಳಿಂದ ಬಿಸಿ ಮೇಲೇರುತ್ತದೆ. ಎಲೆ ಹಳದಿಯಾಗುವವರೆಗೆ 32ರಿಂದ 40 ಡಿಗ್ರಿ ಸೆಲ್ಸಿಯಸ್, ಎಲೆ ಒಣಗುವಾಗ 50ರ ಆಚೀಚೆ, ಕೊನೆಗೆ ನಡುನರ ಒಣಗಲು 70ರ ಸುತ್ತ. ಐದಾರು ದಿನ ನಡೆಯುವ ಈ ಕೆಲಸದಲ್ಲಿ ಬಿಸಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಬೇಗ ಏರಿದರೆ ಸೊಪ್ಪು ಕಪ್ಪಾಗಿ ದರ ಬೀಳುತ್ತದೆ, ಕಡ್ಡಿಯಿಂದ ಒಣ ಎಲೆ ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಬ್ಯಾರನ್ನೇ ಹೊತ್ತಿಕೊಳ್ಳಬಹುದು. ಆದ್ದರಿಂದ ಮನೆಯ ಒಬ್ಬರು ಒಲೆಯ ಮುಂದೆ ಚಾಪೆ ಹಾಸಿ, ಟಾರ್ಚ್ ಹಿಡಿದು ಆಗಾಗ ಎದ್ದು ಉಷ್ಣಮಾಪಕ ನೋಡುತ್ತಾರೆ. ಒಂದು ಬ್ಯಾರನ್ ಇಳಿಸುವಷ್ಟರಲ್ಲಿ ಇನ್ನೊಂದು ಮುರಿತದ ಎಲೆ ಸಿದ್ಧವಾಗಿರುತ್ತದೆ.

ಇದು ಶುದ್ಧ ನಿದ್ದೆಗೇಡು. ಹಂಗಾಮು ಮುಗಿದು ಎರಡು ವಾರದಲ್ಲಿ ಹೆಚ್ಚಿನವರ ನಿದ್ದೆ ತಹಬಂದಿಗೆ ಬರಬೇಕು. ಬಾರದೆ, ಬ್ಯಾರನ್ ತಣ್ಣಗಾದ ಮೇಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿದ್ದರೆ, ಹರಾಜಿನ ದರ, ಕೈಗಡ, ಬ್ಯಾಂಕಿನ ಕಂತುಗಳು ಆ ಹೊತ್ತಿಗೆ ತಲೆಗೆ ಬರುತ್ತಿದ್ದರೆ ಅಲ್ಲಿಗೆ ನಿದ್ರಾಹೀನತೆ ಆರಂಭವಾಗಿದೆ. ಹಸಿ ಎಲೆ ಮುರಿಯುವವರ ಚರ್ಮದ ಮೂಲಕ ನಿಕೋಟಿನ್ ಮೈಸೇರುವುದರಿಂದ ವಾಕರಿಕೆ, ತಲೆಸುತ್ತು, ತಲೆನೋವಿನ ಜೊತೆ ನಿದ್ದೆಯೂ ಕೆಡಬಹುದು. ಮಳೆಯಲ್ಲಿ ನೆನೆದ ಎಲೆಯಿಂದ ಇದು ಹೆಚ್ಚು. ಇದರ ಮೇಲೆ ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ಬರುವ ಕರೆಂಟು, ಕಾಡಂಚಿನ ಊರುಗಳಲ್ಲಿ ಆನೆ ಕಾಯುವ ಕೆಲಸವೂ ಸೇರುತ್ತವೆ. ‘ನಿದ್ದೆ ಬರಲ್ಲ’ ಎಂಬ ದೂರಿಗೆ ಮಾತ್ರೆ ಬರೆಯುವ ಮುನ್ನ ಅದು ಯಾವ ತಿಂಗಳು, ಮನೆಯಲ್ಲಿ ಯಾವ ಕೆಲಸ ನಡೆದಿದೆ ಎಂದು ಕೇಳದಿದ್ದರೆ ನಿದ್ದೆಗೇಡಿಗೆ ನಿದ್ರಾಹೀನತೆಯ ಔಷಧ ಕೊಟ್ಟಂತಾಗುತ್ತದೆ. ಅಂಥ ಮಾತ್ರೆ ನುಂಗಿ ಒಲೆ ಕಾಯುವುದು ಅಪಾಯ.

ಮನೋರೋಗಗಳೊಂದಿಗಿನ ನಂಟು

ನಿದ್ರಾಹೀನತೆ ಇರುವವರಲ್ಲಿ ಮುಂದೆ ಖಿನ್ನತೆ ಬರುವ ಸಂಭವ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಎಂದು 2011ರಲ್ಲಿ ಪ್ರಕಟವಾದ, 21 ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ ತೋರಿಸಿತು. ತೀವ್ರ ಖಿನ್ನತೆಯಲ್ಲಿ ಅಕಾಲ ಎಚ್ಚರ ವಿಶೇಷ ಲಕ್ಷಣ, ಬೆಳಗಿನ ಜಾವವೇ ಆ ರೋಗಿಗೆ ದಿನದ ಅತಿ ಕೆಟ್ಟ ಹೊತ್ತು. ಆತಂಕದಲ್ಲಿ ನಿದ್ದೆ ಹತ್ತುವುದು ತಡ. ಆಘಾತೋತ್ತರ ತೊಂದರೆಯಲ್ಲಿ ದುಃಸ್ವಪ್ನಗಳು ನಿದ್ದೆ ಮುರಿಯುತ್ತವೆ. ಉನ್ಮಾದದ ಸ್ಥಿತಿಯಲ್ಲಿ ಎರಡು ಮೂರು ಗಂಟೆ ಮಲಗಿಯೂ ದಣಿವಿಲ್ಲ, ನಿದ್ದೆ ಬೇಕೆನಿಸುವುದೂ ಇಲ್ಲ. ಇದನ್ನು ನಿದ್ರಾಹೀನತೆಯೆಂದು ತಪ್ಪು ತಿಳಿದು ಖಿನ್ನತೆ ನಿವಾರಕ ಕೊಟ್ಟರೆ ಉನ್ಮಾದ ಉಲ್ಬಣಿಸಬಹುದು. ಮದ್ಯ ಬೇಗ ಮಲಗಿಸುತ್ತದೆ, ಆದರೆ ರಾತ್ರಿಯ ಎರಡನೆಯ ಅರ್ಧವನ್ನು ಹರಿದುಹಾಕುತ್ತದೆ. ಕುಡಿತ ಬಿಟ್ಟವರ ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು, ಅನೇಕರು ಮತ್ತೆ ಕುಡಿತಕ್ಕೆ ಮರಳಲು ಇದೂ ಕಾರಣ.

ಬಾಣಂತಿಯ ವಿಷಯದಲ್ಲಿ ಒಂದು ಪ್ರಶ್ನೆ ನಿರ್ಣಾಯಕ: ಮಗು ಮಲಗಿದಾಗ ತಾಯಿಗೆ ನಿದ್ದೆ ಬರುತ್ತದೆಯೇ? ಮಗು ಮಲಗಿದ್ದರೂ ಆಕೆ ಕಣ್ಣುಬಿಟ್ಟೇ ಇದ್ದರೆ, ಮಾತು ಅಥವಾ ನಡೆ ಬದಲಾಗುತ್ತಿದ್ದರೆ, ಬಾಣಂತನದ ಮನೋರೋಗವನ್ನು ಶಂಕಿಸಿ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ‘ಬಾಣಂತಿ ನಂಜು’, ‘ಗಾಳಿ ಸೋಕಿದೆ’ ಎಂದು ಕಳೆದ ದಿನಗಳು ತಾಯಿ ಮಗು ಇಬ್ಬರಿಗೂ ಅಪಾಯ. ಇಂಥವರಿಗಾಗಿ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗು ಜೊತೆಗಿರುವ ಒಳರೋಗಿ ಘಟಕ ತೆರೆಯಿತು.

ನಿದ್ರಾಹೀನತೆಗೂ ಆತ್ಮಹತ್ಯೆಯ ಯೋಚನೆಗೂ ನಂಟಿರುವುದರಿಂದ ಆ ವಿಷಯವನ್ನು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೃಷಿ ಕುಟುಂಬದಲ್ಲಿ ಕೀಟನಾಶಕ ಮನೆಯೊಳಗಿದೆಯೇ, ಬೀಗದೊಳಗಿದೆಯೇ ಎಂಬುದೂ ಆ ವಿಚಾರಣೆಯ ಭಾಗ.

ತಪಾಸಣೆ

ಮುಖ್ಯ ಸಾಧನ ನಿದ್ದೆಯ ದಿನಚರಿ. ಎರಡು ವಾರ, ಪ್ರತಿ ಬೆಳಗ್ಗೆ, ಮಲಗಿದ್ದು ಎಷ್ಟಕ್ಕೆ, ಕಣ್ಣು ಹತ್ತಿದ್ದು ಸುಮಾರು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದದ್ದು ಎಷ್ಟಕ್ಕೆ ಎಂದು ಗುರುತಿಸುವುದು. ಬರೆಯಲು ಬಾರದವರಿಗೆ ಮನೆಯ ಶಾಲೆಯ ಮಕ್ಕಳು ಕ್ಯಾಲೆಂಡರಿನ ಮೇಲೆ ಗೀಟು ಹಾಕಿಕೊಟ್ಟರೂ ಸಾಕು. ಚಾರ್ಲ್ಸ್ ಮೋರಿನ್ ರೂಪಿಸಿದ 7 ಪ್ರಶ್ನೆಗಳ ತೀವ್ರತಾ ಸೂಚಿಯಲ್ಲಿ 28ಕ್ಕೆ 15 ಅಥವಾ ಹೆಚ್ಚು ಅಂಕ ಬಂದರೆ ಚಿಕಿತ್ಸೆ ಬೇಕಾದ ಮಟ್ಟ.

ಜೊತೆಗಿನ ದೈಹಿಕ ಕಾರಣಗಳನ್ನು ಹುಡುಕಬೇಕು. ಜೋರು ಗೊರಕೆ, ಉಸಿರುಕಟ್ಟಿ ಏಳುವುದು, ಹಗಲು ತೂಕಡಿಕೆ ಇದ್ದರೆ ನಿದ್ದೆಯ ಉಸಿರುಗಟ್ಟುವಿಕೆ. ಮಲಗಿದಾಗ ಕಾಲಲ್ಲಿ ಹರಿದಾಡಿದಂತಾಗಿ ಅಲ್ಲಾಡಿಸಲೇಬೇಕೆನಿಸಿದರೆ ಅಶಾಂತ ಕಾಲು, ಕಬ್ಬಿಣಾಂಶದ ಕೊರತೆ ಇದಕ್ಕೆ ಸಾಮಾನ್ಯ ಕಾರಣ. ಥೈರಾಯ್ಡ್, ಉಬ್ಬಸ, ಕೀಲುನೋವು, ರಾತ್ರಿ ಪದೇ ಪದೇ ಮೂತ್ರ, ಮುಟ್ಟು ನಿಲ್ಲುವ ಕಾಲದ ಬಿಸಿಯುಬ್ಬರ ಕೂಡ ನಿದ್ದೆ ಕೆಡಿಸುತ್ತವೆ. ರಾತ್ರಿಯಿಡೀ ಅಲೆಗಳನ್ನು ದಾಖಲಿಸುವ ನಿದ್ರಾಲೇಖ ಎಲ್ಲರಿಗೂ ಬೇಕಿಲ್ಲ, ಉಸಿರುಗಟ್ಟುವಿಕೆಯಂಥ ಶಂಕೆಯಿದ್ದರೆ ಮಾತ್ರ.

ಔಷಧವಿಲ್ಲದ ಚಿಕಿತ್ಸೆ

ದೀರ್ಘಕಾಲಿಕ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅರಿವು-ವರ್ತನೆ ಚಿಕಿತ್ಸೆ. ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ, ಯುರೋಪಿನ ನಿದ್ದೆ ತಜ್ಞರು 2017ರಲ್ಲಿ ಹೀಗೆಂದು ಶಿಫಾರಸು ಮಾಡಿದರು. ನಾಲ್ಕರಿಂದ ಎಂಟು ಭೇಟಿಗಳಲ್ಲಿ ಮುಗಿಯುವ ಇದರ ಫಲ ಮಾತ್ರೆ ನಿಲ್ಲಿಸಿದಾಗ ಹೋಗುವಂತೆ ಹೋಗುವುದಿಲ್ಲ.

ಇದರ ಒಂದು ಅಂಗ, ರಿಚರ್ಡ್ ಬೂಟ್ಸಿನ್ 1972ರಲ್ಲಿ ಹೇಳಿದ ಪ್ರಚೋದನಾ ನಿಯಂತ್ರಣ: ನಿದ್ದೆ ಬಂದಾಗ ಮಾತ್ರ ಮಲಗುವುದು, ಇಪ್ಪತ್ತು ನಿಮಿಷದಷ್ಟು ಹೊತ್ತು ಹೊರಳಾಡಿದರೆ ಎದ್ದು ಬೇರೆ ಕೋಣೆಗೆ ಹೋಗುವುದು, ತೂಕಡಿಕೆ ಬಂದಮೇಲೆ ಮರಳುವುದು, ಎಷ್ಟೇ ಕೆಟ್ಟ ರಾತ್ರಿಯಾದರೂ ಬೆಳಗ್ಗೆ ಒಂದೇ ಹೊತ್ತಿಗೆ ಏಳುವುದು. ನಡುಮನೆಯಲ್ಲಿ ಎಲ್ಲರೂ ಸಾಲಾಗಿ ಮಲಗುವ ಮನೆಯಲ್ಲಿ ಬೇರೆ ಕೋಣೆ ಎಲ್ಲಿ? ಅಲ್ಲಿ ಜಗುಲಿಯ ಮೇಲೆ ಹಾಸಿದ ಇನ್ನೊಂದು ಚಾಪೆಯೇ ಆ ಕೋಣೆ. ಚಿಕಿತ್ಸಕರು ಇದನ್ನು ಮನೆಯವರಿಗೂ ತಿಳಿಸಿಹೇಳಬೇಕು. ಇಲ್ಲದಿದ್ದರೆ ನಡುರಾತ್ರಿ ಹೊರಗೆ ಕೂತವರನ್ನು ಕಂಡು ಅವರೇ ಗಾಬರಿಯಾಗುತ್ತಾರೆ.

ಇನ್ನೊಂದು ಅಂಗ ಸ್ಪೀಲ್‌ಮನ್ ರೂಪಿಸಿದ ನಿದ್ದೆಯ ಮಿತಿ. ರಾತ್ರಿ 9ಕ್ಕೆ ಮಲಗಿ ಬೆಳಗ್ಗೆ 5.30ಕ್ಕೆ ಏಳುವವರು ಹಾಸಿಗೆಯಲ್ಲಿರುವುದು ಎಂಟೂವರೆ ಗಂಟೆ. ದಿನಚರಿಯಂತೆ ನಿಜವಾದ ನಿದ್ದೆ ಐದೂವರೆ ಗಂಟೆಯಾದರೆ ನಿದ್ದೆಯ ದಕ್ಷತೆ ಶೇ 65. ಅವರಿಗೆ ರಾತ್ರಿ 12ರಿಂದ 5.30ರವರೆಗೆ ಮಾತ್ರ ಹಾಸಿಗೆ ಎಂದು ಗೊತ್ತುಮಾಡುತ್ತಾರೆ. ಮೊದಲ ವಾರ ಕಷ್ಟ, ಒಂಬತ್ತಕ್ಕೇ ದೀಪ ಆರಿಸುವ ಹಳ್ಳಿಯಲ್ಲಿ ಹನ್ನೆರಡರವರೆಗೆ ಎಚ್ಚರವಿರುವುದು ಇನ್ನೂ ಕಷ್ಟ. ಆದರೆ ಒತ್ತಡ ಕೂಡಿ ನಿದ್ದೆ ಗಟ್ಟಿಯಾಗುತ್ತದೆ. ದಕ್ಷತೆ ಶೇ 85 ದಾಟಿದ ಮೇಲೆ ವಾರಕ್ಕೆ 15 ನಿಮಿಷದಂತೆ ಹೊತ್ತನ್ನು ಹಿಗ್ಗಿಸುತ್ತಾರೆ. ಐದು ಗಂಟೆಗಿಂತ ಕಡಿಮೆಗೆ ಇಳಿಸುವುದಿಲ್ಲ. ದ್ವಿಧ್ರುವ ಕಾಯಿಲೆ, ಮೂರ್ಛೆರೋಗ ಇರುವವರಿಗೂ ವಾಹನ ಓಡಿಸುವವರಿಗೂ ಇದನ್ನು ತಜ್ಞರ ಕಣ್ಣಳತೆಯಲ್ಲೇ ಮಾಡಬೇಕು.

‘ಎಂಟು ಗಂಟೆ ಮಲಗದಿದ್ದರೆ ಸತ್ತೇಹೋಗುತ್ತೇನೆ’ ಎಂಬಂಥ ಭಯವನ್ನು ಲೆಕ್ಕ ತೋರಿಸಿ ಸಡಿಲಿಸುವುದು, ಸಾಲ ಮತ್ತು ಕೆಲಸದ ಯೋಚನೆಗೆ ಸಂಜೆ ಅರ್ಧಗಂಟೆ ಬೇರೆಯೇ ಮೀಸಲಿಡುವುದು, ಮೈ ಸಡಿಲಿಸುವ ಅಭ್ಯಾಸ ಉಳಿದ ಅಂಗಗಳು.

ಔಷಧಗಳು

ಕ್ಲೋನಾಜೆಪಾಮ್, ಆಲ್ಪ್ರಜೋಲಾಮ್, ಲೊರಾಜೆಪಾಮ್, ಜೋಲ್ಪಿಡೆಮ್ ಹೆಚ್ಚು ಬಳಕೆಯಲ್ಲಿರುವ ನಿದ್ದೆ ಮಾತ್ರೆಗಳು. ತೀವ್ರ ಸಂಕಟದ ದಿನಗಳಲ್ಲಿ ಕೆಲವೇ ದಿನ, ಹೆಚ್ಚೆಂದರೆ 4 ವಾರ ಇವುಗಳಿಂದ ಪ್ರಯೋಜನವಿದೆ. ಬಳಿಕ ಅದೇ ಪ್ರಮಾಣ ಸಾಲದಾಗುತ್ತದೆ, ಬಿಡಲು ಹೋದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ. ವರ್ಷಗಟ್ಟಲೆ ನುಂಗಿದವರು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ವಾರಗಳ ಅಂತರದಲ್ಲಿ ತುಸುತುಸುವೇ ಇಳಿಸಬೇಕು. ಮದ್ಯದೊಂದಿಗೆ ಸೇರಿದರೆ ಉಸಿರಾಟವೇ ಕುಗ್ಗಬಹುದು. ವಯಸ್ಸಾದವರಿಗೆ ಇನ್ನೂ ಒಂದು ಅಪಾಯ: ಮಾತ್ರೆಯ ಮಂಪರಿನಲ್ಲಿ ರಾತ್ರಿ ಹಿತ್ತಲ ಶೌಚಾಲಯಕ್ಕೆ ಎದ್ದುಹೋಗುವಾಗ ಬಿದ್ದು ತೊಡೆಮೂಳೆ ಮುರಿಯುವುದು.

ಆಲ್ಪ್ರಜೋಲಾಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್ ಭಾರತದ ಔಷಧ ನಿಯಮಗಳ ಎಚ್-1 ಅನುಸೂಚಿಯಲ್ಲಿವೆ. 2014ರಿಂದ ಜಾರಿಯಲ್ಲಿರುವ ಈ ನಿಯಮದಂತೆ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ, ಮಾರಿದ ವಿವರವನ್ನು ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು. ಖಿನ್ನತೆಯೂ ಇದ್ದವರಿಗೆ ಮಿರ್ಟಜಪಿನ್, ಟ್ರಜೊಡೋನ್‌ನಂಥವನ್ನು ಕೊಡುತ್ತಾರೆ. 1998ರಲ್ಲಿ ಪತ್ತೆಯಾದ, ಎಚ್ಚರವನ್ನು ಕಾಯುವ ಒರೆಕ್ಸಿನ್ ಎಂಬ ಮಿದುಳಿನ ರಾಸಾಯನಿಕವನ್ನು ತಡೆಯುವ ಔಷಧಗಳು 2014ರಿಂದ ಬಂದಿವೆ.

ಮನೆಯ ಉಪಚಾರ, ಯೋಗ, ಆಯುರ್ವೇದ

ನೆತ್ತಿಗೂ ಅಂಗಾಲಿಗೂ ಹರಳೆಣ್ಣೆ ತಿಕ್ಕುವುದು, ಮಲಗುವಾಗ ಬಿಸಿಹಾಲು, ಹಬ್ಬ ಮದುವೆಗಳಲ್ಲಿ ಗಸಗಸೆ ಪಾಯಸ ಹಳೆಮೈಸೂರಿನಲ್ಲಿ ನಿದ್ದೆಯೊಂದಿಗೆ ನಂಟಿರುವ ಉಪಚಾರಗಳು. ಗಸಗಸೆ ಬೀಜದಲ್ಲಿ ಅಫೀಮಿನ ಅಂಶ ಅತ್ಯಲ್ಪ, ಮದುವೆಯೂಟದ ಮೇಲಿನ ತೂಕಡಿಕೆಯಲ್ಲಿ ಬೆಲ್ಲ, ತೆಂಗಿನಹಾಲು, ತುಂಬಿದ ಹೊಟ್ಟೆಗಳ ಪಾಲೂ ಇದೆ. ಎಣ್ಣೆ ತಿಕ್ಕಿಸಿಕೊಳ್ಳುವ ಅರ್ಧಗಂಟೆ ಮೈಮನಸ್ಸು ಸಡಿಲಗೊಳ್ಳುವ ಹೊತ್ತಾದ್ದರಿಂದ ಅದನ್ನು ಬಿಡಿಸಬೇಕಾದ ಕಾರಣವಿಲ್ಲ.

ಬೆಂಗಳೂರಿನ ವೃದ್ಧಾಶ್ರಮವೊಂದರ 69 ಮಂದಿಯ ಮೇಲೆ ಎನ್. ಕೆ. ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳು ಯೋಗ ಮಾಡಿದವರಿಗೆ ನಿದ್ದೆ ಹತ್ತುವ ಹೊತ್ತು ಸುಮಾರು 10 ನಿಮಿಷ ಇಳಿದು, ಒಟ್ಟು ನಿದ್ದೆ ಸುಮಾರು 60 ನಿಮಿಷ ಹೆಚ್ಚಿತು. ಇವು ಭಾಗವಹಿಸಿದವರೇ ಹೇಳಿದ ಅಳತೆಗಳು. ಹಾಸನದಲ್ಲಿ 1992ರಲ್ಲಿ ಆರಂಭವಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜು ಮತ್ತು ಆಸ್ಪತ್ರೆ ಜಿಲ್ಲೆಯ ಪ್ರಮುಖ ಆಯುರ್ವೇದ ಕೇಂದ್ರ. ಹಣೆಯ ಮೇಲೆ ಎಣ್ಣೆ ಧಾರೆ ಹಿಡಿಯುವ ಶಿರೋಧಾರೆ ಆ ಪದ್ಧತಿಯಲ್ಲಿ ನಿದ್ರಾನಾಶಕ್ಕೆ ಹೇಳುವ ಚಿಕಿತ್ಸೆ.

ಸದ್ಯದ ಸ್ಥಿತಿ

ನಿಮ್ಹಾನ್ಸ್‌ನ ನರವಿಜ್ಞಾನಿಗಳು 1,050 ಜನರಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆರೋಗ್ಯವಂತರೆಂದು ಪರಿಗಣಿಸಿದವರಲ್ಲೂ ಶೇ 18.6 ಮಂದಿಗೆ ನಿದ್ರಾಹೀನತೆ ಕಂಡುಬಂತು. ಅಷ್ಟು ಜನರನ್ನು ನೋಡಲು ಮನೋವೈದ್ಯರ ಸಂಖ್ಯೆ ಎಲ್ಲೂ ಸಾಲದು. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮನೋವೈದ್ಯಕೀಯವನ್ನು ಹಳ್ಳಿಗೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿತು. ಆ ಮಾದರಿಯ ಮೇಲೆಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭವಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ದೊರೆಯುವಂತೆ ಮಾಡುವ ಮನೋಚೈತನ್ಯ ಕಾರ್ಯಕ್ರಮವನ್ನು ಕರ್ನಾಟಕ 2014ರಲ್ಲಿ ತಂದಿತು.

ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಂದ ಮೇಲಿನ ಹಂತದ ಚಿಕಿತ್ಸೆಗೆ ಹೋಗುವುದು ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ. 2006ರಲ್ಲಿ ಆರಂಭವಾದ ಈ ಕಾಲೇಜಿಗೆ ಶ್ರೀ ಚಾಮರಾಜೇಂದ್ರ ಆಸ್ಪತ್ರೆ ಸೇರಿದ್ದು, ಮನೋವೈದ್ಯಕೀಯ ವಿಭಾಗವಿದೆ. ದೊಡ್ಡ ಕೊರತೆ ಇರುವುದು ಅರಿವು-ವರ್ತನೆ ಚಿಕಿತ್ಸೆಯಲ್ಲಿ. ಅದನ್ನು ಕಲಿತ ಆಪ್ತಸಮಾಲೋಚಕರು ತಾಲ್ಲೂಕು ಮಟ್ಟದಲ್ಲಿ ವಿರಳ. ಹೊರರೋಗಿ ವಿಭಾಗದ ಸಾಲಿನಲ್ಲಿ ಒಬ್ಬರಿಗೆ ಸಿಗುವ ಐದು ನಿಮಿಷದಲ್ಲಿ ಮಾತ್ರೆಯ ಚೀಟಿ ಬರೆಯಬಹುದು, ನಿದ್ದೆಯ ದಿನಚರಿ ಓದಲಾಗದು. ಆದರೆ ಏಳುವ ಹೊತ್ತು ಒಂದೇ ಇರಲಿ, ನಿದ್ದೆ ಬಾರದೆ ಹಾಸಿಗೆಯಲ್ಲಿ ಬಿದ್ದಿರಬೇಡಿ ಎಂಬ ಎರಡು ಸೂಚನೆಗಳನ್ನು ಆಶಾ ಕಾರ್ಯಕರ್ತೆಯೂ ಹೇಳಿಕೊಡಬಹುದು.

2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಕನ್ನಡದಲ್ಲಿ ಮಾತಾಡಬಹುದು. ದಿನದ 24 ಗಂಟೆಯೂ ತೆರೆದಿರುವುದರಿಂದ ರಾತ್ರಿ ಎರಡಕ್ಕೆ ಎಚ್ಚರವಾದವರು ಬೆಳಗಾಗುವವರೆಗೆ ಕಾಯಬೇಕಿಲ್ಲ.